ಬಳ್ಳಿ ಮೊದಲು ಬಂದ ಮಗು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕಾರ್ಕಳದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಆಸ್ಪತ್ರೆ ಅಂದರೆ ಡಾಕ್ಟ್ರಮ್ಮನ ಮನೆಯ ಮುಂದಿನ ಭಾಗ, ಅಷ್ಟೆ. ಉದ್ದನೆಯ ಒಂದು ಕೋಣೆಯಲ್ಲಿ ಕಬ್ಬಿಣದ ಮಂಚಗಳು, ಪಕ್ಕದಲ್ಲಿ ಹೆರಿಗೆ ಕೋಣೆ, ಹಿಂದೆ ಹಂಡೆಯಲ್ಲಿ ಸದಾ ಕುದಿಯುವ ನೀರು. ಡಾಕ್ಟ್ರಮ್ಮ ಒಬ್ಬರೇ, ನಾವು ನರ್ಸುಗಳು ಇಬ್ಬರೇ. ಆ ಕಾಲವನ್ನು ನೆನೆದರೆ ನನಗೆ ಮೊದಲು ನೆನಪಾಗುವುದು ಕಾಲು ನೋವು. ಸಿಮೆಂಟು ನೆಲದ ಮೇಲೆ ಬೆಳಗಿನಿಂದ ನಿಂತು ನಿಂತು ಸಂಜೆಯ ಹೊತ್ತಿಗೆ ಚಪ್ಪಲಿಯ ಪಟ್ಟಿ ಪಾದದೊಳಗೆ ಹೂತುಹೋಗುತ್ತಿತ್ತು.

ನಮ್ಮ ಮನೆ ಕಾಪುವಿನಲ್ಲಿ. ಅಪ್ಪ ಮೊದಲೇ ತೀರಿಕೊಂಡಿದ್ದರು. ಅಮ್ಮ, ಅಣ್ಣ, ಅಣ್ಣನ ಹೆಂಡತಿ ಅಲ್ಲಿ ಇದ್ದರು. ಅಣ್ಣ ಉಡುಪಿಯ ಒಂದು ಪ್ರೆಸ್ಸಿನಲ್ಲಿ ಸೀಸದ ಅಕ್ಷರ ಜೋಡಿಸುವ ಕೆಲಸ ಮಾಡುತ್ತಿದ್ದ. ಅತ್ತಿಗೆಯ ತವರು ನಿಟ್ಟೆಯ ಹತ್ತಿರ. ವಯಸ್ಸಿನಲ್ಲಿ ಅವರು ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವರಿರಬಹುದು. ಮಾತು ಕಡಿಮೆ. ಆದರೆ ಆಡಿದ ಮಾತಿಗೆ ಬೆಲ್ಲ ಸವರುವ ಅಭ್ಯಾಸ ಇರಲಿಲ್ಲ. ಅದಕ್ಕೇ ಇರಬೇಕು, ಮೊದಲಿನಿಂದಲೂ ನನಗೆ ಅವರು ಇಷ್ಟ.

ಬಯಕೆಯ ಶಾಸ್ತ್ರ ಮುಗಿದ ಮೇಲೆ ಅತ್ತಿಗೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದರು. ತಪಾಸಣೆಗೆ ನಮ್ಮ ಆಸ್ಪತ್ರೆಗೇ ಬರುತ್ತಿದ್ದರು. ಕೈಕಾಲು ಕಡ್ಡಿಯ ಹಾಗೆ, ಹೊಟ್ಟೆ ಮಾತ್ರ ವಿಪರೀತ ದೊಡ್ಡದು. ಡಾಕ್ಟ್ರಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿ ನೋಡಿ ಅತ್ತಿಗೆಯ ಅಪ್ಪನನ್ನು ಒಳಗೆ ಕರೆದರು.

“ಮಗುವಿನ ಸುತ್ತ ನೀರು ಜಾಸ್ತಿ ಉಂಟು. ದಿನ ಹತ್ತಿರ ಬಂದರೂ ತಲೆ ಕೆಳಗೆ ಬಂದು ಕೂತಿಲ್ಲ, ತೇಲ್ತಾ ಉಂಟು. ಹೆರಿಗೆಗೆ ಮಣಿಪಾಲಕ್ಕೆ ಕರಕೊಂಡು ಹೋಗುವುದು ಒಳ್ಳೆಯದು.”

“ಮಣಿಪಾಲ ಎಂತಕ್ಕೆ ಡಾಕ್ಟ್ರಮ್ಮ?” ಎಂದರು ಅವರು. “ನೀವು ಇದ್ದೀರಿ. ಅಳಿಯನ ತಂಗಿ ಇಲ್ಲೇ ಇದ್ದಾಳೆ. ನಮಗೆ ಮಣಿಪಾಲದಲ್ಲಿ ಯಾರ ಪರಿಚಯ ಉಂಟು?”

ಅದು ದಡ್ಡತನದ ಮಾತಾಗಿರಲಿಲ್ಲ. ಮಣಿಪಾಲವೆಂದರೆ ಆಗ ಊರವರಿಗೆ ಕೊನೆಯ ಜಾಗ. ಎಲ್ಲ ಕಡೆ ಕೈಬಿಟ್ಟ ಮೇಲೆ ಹೋಗುವುದು ಅಲ್ಲಿಗೆ. ಗಟ್ಟಿಮುಟ್ಟಾಗಿ ನಡೆದಾಡುವ ಬಸುರಿಯನ್ನು ಅಲ್ಲಿಗೆ ಒಯ್ಯುವುದೆಂದರೆ ಅಪಶಕುನ. ಡಾಕ್ಟ್ರಮ್ಮ ಇನ್ನೊಮ್ಮೆ ಹೇಳಿದರು. ಕೊನೆಗೆ, ದಿನ ತುಂಬುವ ವಾರದಲ್ಲಿ ಉಡುಪಿಯ ನೆಂಟರ ಮನೆಗೆ ಹೋಗಿ ಇರುವುದು, ನೋವು ಬಂದರೆ ಅಲ್ಲಿಂದಲೇ ಮಣಿಪಾಲಕ್ಕೆ ಹೋಗುವುದು ಎಂದು ತೀರ್ಮಾನವಾಯಿತು. ಆದರೆ ಆ ವಾರದ ತನಕ ಮಗು ಕಾಯಲಿಲ್ಲ.

ಮಧ್ಯಾಹ್ನ ಊಟವಾಗಿ ನಾನು ಬಟ್ಟಲು ತೊಳೆಯುತ್ತಿದ್ದೆ. ಗೇಟಿನ ಹೊರಗೆ ಜೀಪು ನಿಂತ ಸದ್ದು. ನೋಡಿದರೆ ಅತ್ತಿಗೆಯನ್ನು ಅವರ ಅಪ್ಪ ಅಮ್ಮ ಎರಡೂ ಕಡೆಯಿಂದ ಹಿಡಿದುಕೊಂಡು ಇಳಿಸುತ್ತಿದ್ದಾರೆ. ಸೀರೆ ಸೊಂಟದಿಂದ ಕೆಳಗೆ ಪೂರ್ತಿ ಒದ್ದೆ.

“ಊಟಕ್ಕೆ ಕೂತವಳು ಎದ್ದಳು ಮಗಾ, ಕೊಡ ಮಗುಚಿದ ಹಾಗೆ ನೀರು ಹೋಯಿತು,” ಎಂದರು ಅವರ ಅಮ್ಮ.

ಅತ್ತಿಗೆಗೆ ಅಂಥ ನೋವೇನೂ ಇರಲಿಲ್ಲ. ಹೆರಿಗೆ ಕೋಣೆಯ ಮೇಜಿನ ಮೇಲೆ ಮಲಗಿ ನನ್ನನ್ನು ನೋಡಿ ನಕ್ಕರು ಕೂಡ. ನಾನು ಕೈ ತೊಳೆದು ಗ್ಲೌಸು ಹಾಕಿ ಪರೀಕ್ಷೆ ಮಾಡಿದೆ. ಗಟ್ಟಿಯಾದ ತಲೆ ಸಿಗಬೇಕಾದ ಕಡೆ ಬೆರಳಿಗೆ ಮೆತ್ತಗಿನ ಒಂದು ಸುರುಳಿ ತಾಗಿತು. ಬೆರಳ ಕೆಳಗೆ ಅದು ಮಿಡಿಯುತ್ತಿತ್ತು. ಒಂದು ಕ್ಷಣ ಅದು ನನ್ನದೇ ನಾಡಿ ಎಂದುಕೊಂಡೆ. ಅಲ್ಲ, ಅದು ನನ್ನ ನಾಡಿಗಿಂತ ಬಹಳ ವೇಗವಾಗಿತ್ತು. ಹೊಕ್ಕುಳಬಳ್ಳಿ.

ನರ್ಸಿಂಗ್ ಓದುವಾಗ ಇದನ್ನು ಕಲಿತಿದ್ದೆ. ನೀರು ಒಡೆಯುವಾಗ ತಲೆ ಕೆಳಗೆ ಕೂತಿರದಿದ್ದರೆ ನೀರಿನ ರಭಸಕ್ಕೆ ಬಳ್ಳಿ ಜಾರಿ ತಲೆಗಿಂತ ಮೊದಲು ಬರುತ್ತದೆ. ಆಮೇಲೆ ತಲೆ ಇಳಿಯುತ್ತದೆ, ಬಳ್ಳಿ ತಲೆಗೂ ತಾಯಿಯ ಎಲುಬಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಮಗುವಿಗೆ ಉಸಿರು ಬರುವುದು ಆ ಬಳ್ಳಿಯ ರಕ್ತದಲ್ಲಿ. ಅದು ಅದುಮಿದಷ್ಟು ಹೊತ್ತೂ ಮಗುವಿನ ಕುತ್ತಿಗೆ ಹಿಸುಕಿದ ಹಾಗೆಯೇ. ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಅಷ್ಟೆ. ನೋಡಿರಲಿಲ್ಲ.

ನಾನು ಎರಡು ಬೆರಳಿನಿಂದ ಮಗುವಿನ ತಲೆಯನ್ನು ಮೇಲಕ್ಕೆ ತಳ್ಳಿ ಹಿಡಿದು ಡಾಕ್ಟ್ರಮ್ಮನನ್ನು ಕೂಗಿದೆ. ಅವರು ಬಂದು ನನ್ನ ಮುಖ ನೋಡಿದರು, ಕೈ ನೋಡಿದರು. ಏನಾಯಿತೆಂದು ಕೇಳಲೇ ಇಲ್ಲ.

“ಮಿಡೀತಾ ಉಂಟಾ?”

“ಉಂಟು.”

“ಕೈ ತೆಗೀಬೇಡ. ಏನೇ ಆದರೂ ತೆಗೀಬೇಡ.”

ಆಪರೇಷನ್ ಒಂದೇ ದಾರಿ. ನಮ್ಮಲ್ಲಿ ಅದು ಆಗುವ ಹಾಗಿರಲಿಲ್ಲ. ಅರಿವಳಿಕೆ ಕೊಡುವ ಡಾಕ್ಟರು ಉಡುಪಿಯಿಂದ ಮೊದಲೇ ಹೇಳಿದ ದಿನ ಮಾತ್ರ ಬರುತ್ತಿದ್ದರು. ಡಾಕ್ಟ್ರಮ್ಮ ತಮ್ಮ ಅಂಬಾಸಿಡರ್ ಕಾರನ್ನು ಬಾಗಿಲಿಗೆ ತರಿಸಿದರು. ಅವರು ಜತೆಗೆ ಬರುವ ಹಾಗಿರಲಿಲ್ಲ, ಇನ್ನೊಂದು ಮಂಚದಲ್ಲಿ ಇನ್ನೊಬ್ಬಳು ನೋವು ತಿನ್ನುತ್ತಿದ್ದಳು. ಮಣಿಪಾಲಕ್ಕೆ ಫೋನ್ ಮಾಡಿ ಆಪರೇಷನ್ ಕೋಣೆ ತಯಾರಿಡಲು ಹೇಳುತ್ತೇನೆ ಎಂದರು. ಅತ್ತಿಗೆಯನ್ನು ಹಿಂದಿನ ಸೀಟಿನಲ್ಲಿ ಮೊಣಕಾಲೂರಿಸಿ, ಎದೆ ಸೀಟಿಗೆ ತಾಗುವ ಹಾಗೆ, ಸೊಂಟ ಎತ್ತಿ ಕೂರಿಸಿದೆವು. ದೇವರಿಗೆ ಅಡ್ಡಬೀಳುವವರ ಹಾಗೆ. ಹಾಗಿದ್ದರೆ ಮಗುವಿನ ಭಾರ ಬಳ್ಳಿಯ ಮೇಲೆ ಬೀಳುವುದಿಲ್ಲ. ನಾನು ಅವರ ಹಿಂದೆ, ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ನಡುವೆ, ಮಂಡಿಯೂರಿ ಕೂತೆ. ಮೇಲೊಂದು ಬೆಡ್‌ಶೀಟು. ಮುಂದೆ ಡ್ರೈವರು ಮತ್ತು ಅತ್ತಿಗೆಯ ಅಪ್ಪ.

ಕಾರ್ಕಳದಿಂದ ಮಣಿಪಾಲಕ್ಕೆ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನಾನು ಈಗಲೂ ಕಿಲೋಮೀಟರಿನಲ್ಲಿ ಹೇಳುವುದಿಲ್ಲ. ಆ ರಸ್ತೆಯಲ್ಲಿ ಡಾಮರು ಎಲ್ಲಿ ಕಿತ್ತುಹೋಗಿತ್ತು ಎನ್ನುವುದು ನನ್ನ ಮೊಣಕೈಗೆ ಗೊತ್ತು. ಬೈಲೂರು ದಾಟುವಷ್ಟರಲ್ಲಿ ಅತ್ತಿಗೆಗೆ ನೋವು ಶುರುವಾಯಿತು. ಪ್ರತಿ ನೋವಿಗೂ ತಲೆ ನನ್ನ ಬೆರಳ ಮೇಲೆ ಒತ್ತಿ ಇಳಿಯಲು ನೋಡುತ್ತಿತ್ತು. ನಾನು ತಳ್ಳುತ್ತಿದ್ದೆ. ನೋವು ಏರಿದಾಗ ಬಳ್ಳಿಯ ಮಿಡಿತ ನಿಧಾನವಾಗುತ್ತಿತ್ತು, ಕೆಲವೊಮ್ಮೆ ಸಿಗುತ್ತಲೇ ಇರಲಿಲ್ಲ. ನೋವು ಇಳಿದ ಮೇಲೆ ಸ್ವಲ್ಪ ಹೊತ್ತು ಕಳೆದು ಮತ್ತೆ ಬರುತ್ತಿತ್ತು. ಆ ಸ್ವಲ್ಪ ಹೊತ್ತು ಎನ್ನುವುದು ಎಷ್ಟು ಎಂದು ಮುಂದೆ ಎಷ್ಟೋ ಡಾಕ್ಟರುಗಳು ನನ್ನನ್ನು ಕೇಳಿದರು. ಗೊತ್ತಿಲ್ಲ. ಕೈಗಡಿಯಾರ ಇದ್ದದ್ದು ಆ ಕೈಯಲ್ಲೇ.

“ಎಂತ ಆಗ್ತಾ ಉಂಟು ನನಗೆ?” ಸೀಟಿಗೆ ಮುಖ ಒತ್ತಿಕೊಂಡೇ ಅತ್ತಿಗೆ ಕೇಳಿದರು.

“ಬಳ್ಳಿ ಮೊದಲು ಬಂದಿದೆ ಅತ್ತಿಗೆ. ಅದು ಅದುಮಿ ಹೋಗದ ಹಾಗೆ ಹಿಡಿದುಕೊಂಡಿದ್ದೇನೆ.”

“ಬಿಟ್ಟರೆ?”

“ಬಿಡುವುದಿಲ್ಲ.”

ಹಿರಿಯಡ್ಕದ ಪೇಟೆಯಲ್ಲಿ ಬಸ್ಸೊಂದು ರಸ್ತೆಗೆ ಅಡ್ಡ ನಿಂತು ಅಕ್ಕಿ ಮುಡಿ ಇಳಿಸುತ್ತಿತ್ತು. ಡ್ರೈವರು ಹಾರನ್ ಒತ್ತಿ ಹಿಡಿದ. ಅತ್ತಿಗೆಯ ಅಪ್ಪ ಕಾರಿನಿಂದ ಇಳಿದು ಓಡಿ ಬಸ್ಸಿನ ಬದಿಗೆ ಕೈಯಿಂದ ಬಡಿಯತೊಡಗಿದರು. ಆ ಹಿರಿಯರು ಅಷ್ಟು ಜೋರಾಗಿ ಕೂಗಿದ್ದನ್ನು ಅದಕ್ಕಿಂತ ಮೊದಲೂ ನಂತರವೂ ನಾನು ಕೇಳಿಲ್ಲ. ಪರ್ಕಳ ದಾಟಿ ಏರು ಹತ್ತುವಾಗ ನನ್ನ ಬೆರಳುಗಳು ಇವೆಯೋ ಇಲ್ಲವೋ ಎಂದು ತಿಳಿಯದಂತೆ ಆಗಿತ್ತು. ತಳ್ಳುತ್ತಿದ್ದೇನೆ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಕೈ ಅದನ್ನು ಮಾಡುತ್ತಿತ್ತೋ ಇಲ್ಲವೋ.

ಮಣಿಪಾಲದಲ್ಲಿ ಸ್ಟ್ರೆಚರ್ ತಯಾರಿತ್ತು. ಅತ್ತಿಗೆಯನ್ನು ಅದೇ ಭಂಗಿಯಲ್ಲಿ ಎತ್ತಿಟ್ಟರು. ನಾನು ಬಗ್ಗಿಕೊಂಡೇ ಪಕ್ಕದಲ್ಲಿ ಓಡಿದೆ. ಆಪರೇಷನ್ ಕೋಣೆಯಲ್ಲಿ ಅವರನ್ನು ಮಲಗಿಸಿ ಹಸಿರು ಬಟ್ಟೆ ಮುಚ್ಚಿದಾಗ ನಾನೂ ಆ ಬಟ್ಟೆಯ ಅಡಿಯಲ್ಲೇ ಇದ್ದೆ. “ನಾನು ಹೇಳುವ ತನಕ ಹಾಗೇ ಇರಿ ಸಿಸ್ಟರ್,” ಎಂದಿತು ಮೇಲಿನಿಂದ ಒಂದು ಗಂಡಸಿನ ದನಿ. ನನಗೆ ಬಟ್ಟೆಯ ಹಸಿರು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಬಗ್ಗಿದ ಸೊಂಟ ಉರಿಯುತ್ತಿತ್ತು. ಆಮೇಲೆ ಒಮ್ಮೆಲೇ ನನ್ನ ಬೆರಳ ತುದಿಯಿಂದ ಆ ತಲೆ ಮೇಲಕ್ಕೆ ಹೋಯಿತು. ಅಷ್ಟು ಹೊತ್ತು ಅದುಮಿ ಹಿಡಿದದ್ದು ಇಲ್ಲದೇ ಹೋದಾಗ ಕೈ ಗಾಳಿಯಲ್ಲಿ ಏನನ್ನೋ ತಡಕಾಡಿತು.

ಮಗು ಅಳಲಿಲ್ಲ. ನಾನು ಬಟ್ಟೆಯ ಅಡಿಯಿಂದ ಹೊರಗೆ ಬಂದಾಗ ಮೂಲೆಯ ಮೇಜಿನ ಹತ್ತಿರ ಇಬ್ಬರು ಅದರ ಮೇಲೆ ಬಾಗಿ ಏನೇನೋ ಮಾಡುತ್ತಿದ್ದರು. ಬಹಳ ಹೊತ್ತಿನ ಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ಸದ್ದು ಬಂತು. ಹೆಣ್ಣು ಮಗು.

ಹೊರಗಿನ ಬೆಂಚಿನಲ್ಲಿ ಕೂತಾಗ ನನಗೆ ಬಲಗೈಯ ಬೆರಳುಗಳನ್ನು ಮಡಿಸಲು ಆಗಲಿಲ್ಲ. ಯಾರೋ ಚಾ ತಂದು ಕೊಟ್ಟರು. ಎಡಗೈಯಲ್ಲಿ ಕುಡಿದೆ. ಆಪರೇಷನ್ ಮಾಡಿದ ಡಾಕ್ಟರು ಹೋಗುವಾಗ ನಿಂತು, “ಕಾರ್ಕಳದಿಂದ ಹೀಗೇ ಬಂದಿರಾ? ನೀವು ಕೈ ತೆಗೆದಿದ್ದರೆ ಮಗು ಇರುತ್ತಿರಲಿಲ್ಲ,” ಎಂದರು. ನಾನು ತಲೆ ಆಡಿಸಿದೆ. ನನಗೆ ಆಗ ಬೇಕಾಗಿದ್ದದ್ದು ಮಲಗಲು ಒಂದು ಜಾಗ.

ಪ್ರೆಸ್ಸಿನಿಂದ ಬಂದ ಅಣ್ಣ ಮಸಿ ಹತ್ತಿದ ಕೈಯನ್ನು ಪ್ಯಾಂಟಿಗೆ ಒರೆಸುತ್ತ ನಿಂತಿದ್ದ. ಏನು ಹೇಳಬೇಕೆಂದು ಗೊತ್ತಾಗದೆ, “ನೀನು ಊಟ ಮಾಡಿದ್ದೀಯಾ?” ಎಂದು ಕೇಳಿದ.

ಆ ನಂತರದ ತಿಂಗಳುಗಳಲ್ಲಿ ನನಗೆ ಊರಿನಲ್ಲಿ ಒಂದು ಹೆಸರು ಬಂತು. ಕಾಪುವಿಗೆ ಹೋದರೆ ನೆರೆಮನೆಯವರು ನನ್ನ ಕೈ ಹಿಡಿದು ನೋಡುತ್ತಿದ್ದರು. ಅದೇ ಜನ ಅತ್ತಿಗೆಯ ಬೆನ್ನ ಹಿಂದೆ ಬೇರೆ ಮಾತು ಆಡುತ್ತಿದ್ದರು: ಬಸುರಿನಲ್ಲಿ ದನ ಕಟ್ಟಿದ ಹಗ್ಗ ದಾಟಿದ್ದಾಳೆ, ಕೈ ಎತ್ತಿ ಬಟ್ಟೆ ಒಣಗಿಸಿದ್ದಾಳೆ, ಬಾವಿಯಿಂದ ನೀರು ಸೇದಿದ್ದಾಳೆ, ಬಳ್ಳಿ ಮತ್ತೆಂತ ಮಾಡೀತು. ಒಂದು ದಿನ ಅಮ್ಮನೇ ಹಾಗೆ ಹೇಳಲು ಹೊರಟಾಗ ನಾನು ಸಿಟ್ಟು ಮಾಡಿದೆ. ಡಾಕ್ಟ್ರಮ್ಮ ನನಗೆ ಹೇಳಿದ್ದನ್ನೇ ಅಮ್ಮನಿಗೆ ಹೇಳಿದೆ. ಹಗ್ಗಕ್ಕೂ ಬಳ್ಳಿಗೂ ಯಾವ ಸಂಬಂಧವೂ ಇಲ್ಲ, ನೀರು ಹೆಚ್ಚಿತ್ತು, ತಲೆ ತೇಲುತ್ತಿತ್ತು, ನೀರು ಒಡೆದಾಗ ಜಾರಿತು. ಮಾಡಿದವರು ಯಾರೂ ಇಲ್ಲ.

“ಯಾರೂ ಮಾಡದೆ ಹೀಗೆ ಆಗ್ತದಾ?” ಎಂದರು ಅಮ್ಮ. ಅವರಿಗೆ ನಂಬಿಕೆ ಬರಲಿಲ್ಲ. ಮಾಡಿದವರು ಒಬ್ಬರು ಸಿಕ್ಕಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು ಅಂತ ಕಾಣುತ್ತದೆ.

ಕೆಲಸದಲ್ಲಿ ನಾನು ಆಮೇಲೆ ಪ್ರತಿ ಹೆರಿಗೆಯಲ್ಲೂ ಮಾಸು ಬಿದ್ದ ಮೇಲೆ ಬಳ್ಳಿಯನ್ನು ಕೈಯಲ್ಲಿ ಹಿಡಿದು ತುದಿಯಿಂದ ತುದಿಗೆ ನೋಡುತ್ತಿದ್ದೆ. ಎಷ್ಟು ಥರದ ಬಳ್ಳಿಗಳು! ಕುತ್ತಿಗೆಗೆ ಸುತ್ತಿಕೊಂಡು ಬರುವುದು ತೀರ ಸಾಮಾನ್ಯ, ಬೆರಳಿನಿಂದ ಬಿಡಿಸಿದರೆ ಹೆಚ್ಚಿನ ಮಕ್ಕಳು ಏನೂ ಆಗದವರ ಹಾಗೆ ಅಳುತ್ತವೆ. ಒಮ್ಮೆ ನಿಜವಾದ ಗಂಟು ಬಿದ್ದ ಬಳ್ಳಿ ನೋಡಿದೆ. ಸಣ್ಣದಿರುವಾಗ ಮಗು ಈಜುತ್ತ ಈಜುತ್ತ ತಾನೇ ಹಾಕಿಕೊಂಡ ಗಂಟು. ಅದು ಬಿಗಿಯಾಗಿರಲಿಲ್ಲ, ಮಗು ಬದುಕಿತು. ಇನ್ನೊಂದು ಬಳ್ಳಿಯನ್ನು ಕತ್ತರಿಸಿದಾಗ ಮೂರು ರಕ್ತನಾಳ ಇರುವ ಕಡೆ ಎರಡೇ ಕಂಡವು. ಆ ಮಗುವಿನ ಹೃದಯ, ಮೂತ್ರಪಿಂಡ ಎಲ್ಲವನ್ನೂ ಪರೀಕ್ಷೆ ಮಾಡಿಸಿ ಎಂದು ಡಾಕ್ಟ್ರಮ್ಮ ಮಣಿಪಾಲಕ್ಕೆ ಕಳಿಸಿದರು. ಎಲ್ಲ ಸರಿ ಇತ್ತಂತೆ, ತಾಯಿ ಆಮೇಲೆ ಬಂದು ಹೇಳಿಹೋದಳು. ಒಂದು ಮೊಳದಷ್ಟು ಉದ್ದದ, ಜಾರುವ ಈ ವಸ್ತುವಿನ ಮೇಲೆ ಇಷ್ಟೆಲ್ಲ ನಿಂತಿದೆ ಎಂದು ಯೋಚಿಸಿದರೆ ಸುಸ್ತಾಗುತ್ತಿತ್ತು.

ಅಣ್ಣನ ಮಗಳ ಕತ್ತು ಸಮಯಕ್ಕೆ ಸರಿಯಾಗಿ ನಿಲ್ಲಲಿಲ್ಲ. ಮೈಗೆ ಎಣ್ಣೆ ಹಚ್ಚುವಾಗ ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಸೇರಿಕೊಳ್ಳುತ್ತಿದ್ದವು. ಬಿಡಿಸಿದರೆ ಬಿಗಿಯಾಗುತ್ತಿದ್ದವು. ಹೆಬ್ಬೆರಳು ಸದಾ ಮುಷ್ಟಿಯೊಳಗೆ. “ಸೋಮಾರಿ ಮಗು” ಎಂದು ಅಮ್ಮ ನಗುತ್ತಿದ್ದರು. ನಾನು ಅಣ್ಣನಿಗೆ ಹೇಳಿದೆ, ಅಣ್ಣ ರಜೆ ಹಾಕಿದ, ಮೂವರೂ ಮಗುವನ್ನು ಮಣಿಪಾಲದ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಅವರು ಸುತ್ತುಬಳಸದೆ ಹೇಳಿದರು. ಬಳ್ಳಿ ಅದುಮಿದ ಹೊತ್ತಿನಲ್ಲಿ ಮೆದುಳಿಗೆ ಸಾಕಷ್ಟು ಆಮ್ಲಜನಕ ಸಿಕ್ಕಿಲ್ಲ. ಕಾಲುಗಳನ್ನು ನಡೆಸುವ ಭಾಗಕ್ಕೆ ಪೆಟ್ಟಾಗಿದೆ. ಬುದ್ಧಿಗೆ ಏನೂ ಆಗದೇ ಇರಬಹುದು, ಈಗಲೇ ಹೇಳುವ ಹಾಗಿಲ್ಲ. ಔಷಧ ಇಲ್ಲ. ವ್ಯಾಯಾಮ ಉಂಟು, ದಿನಾ ಮಾಡಿಸಬೇಕು, ವರ್ಷಗಟ್ಟಲೆ ಮಾಡಿಸಬೇಕು.

“ನಡೀತಾಳಾ?” ಅತ್ತಿಗೆ ಕೇಳಿದರು.

“ನಡೆಸಬೇಕು,” ಎಂದರು ಡಾಕ್ಟರು.

ಅಲ್ಲಿಂದ ಶುರುವಾಯಿತು. ವಾರಕ್ಕೊಮ್ಮೆ ಮಣಿಪಾಲ. ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಉಡುಪಿಯಿಂದ ಮಣಿಪಾಲಕ್ಕೆ ಇನ್ನೊಂದು. ಎಕ್ಸ್‌ಪ್ರೆಸ್ ಬಸ್ಸಿನವರು ಮಗು ಎತ್ತಿಕೊಂಡ ಹೆಂಗಸನ್ನು ಕಂಡರೆ ನಿಲ್ಲಿಸುತ್ತಿರಲಿಲ್ಲ, ಹತ್ತಲು ಇಳಿಯಲು ಹೊತ್ತು ಹಿಡಿಯುತ್ತದೆಂದು. ಕಟಪಾಡಿಯಲ್ಲಿ ಎಲ್ಲ ಬಸ್ಸುಗಳೂ ತುಂಬಿ ಬಾಗಿಲಿನವರೆಗೆ ಜನ. ವರ್ಷ ಎರಡಾದ ಮೇಲೆ ನಾನು ಕಾರ್ಕಳ ಬಿಟ್ಟು ಉಡುಪಿಯಲ್ಲಿ ಕೆಲಸ ಹಿಡಿದೆ. ಕಡಿಯಾಳಿಯಲ್ಲಿ ಒಂದು ಬಾಡಿಗೆ ಕೋಣೆ. ಅತ್ತಿಗೆಗೆ ಸಹಾಯ ಆಗಲಿ ಎಂದೇ ಬಂದದ್ದು, ಅದನ್ನು ಯಾರಿಗೂ ಹಾಗೆ ಹೇಳಲಿಲ್ಲ. ಅವರು ಬಸ್ಸಿನಿಂದ ಇಳಿಯುವ ಹೊತ್ತಿಗೆ ನಾನು ಬಸ್‌ಸ್ಟ್ಯಾಂಡಿನಲ್ಲಿ ಕಾದಿರುತ್ತಿದ್ದೆ. ಮಗುವನ್ನು ನಾನು ತೆಗೆದುಕೊಳ್ಳುತ್ತಿದ್ದೆ. ಅತ್ತಿಗೆ ಸೊಂಟಕ್ಕೆ ಕೈಯಿಟ್ಟು ಹಿಂದಕ್ಕೆ ಬಾಗಿ ಒಮ್ಮೆ ಉಸಿರು ಬಿಡುತ್ತಿದ್ದರು. ನಮ್ಮ ನಡುವೆ ನಮಸ್ಕಾರ ಅಂದರೆ ಅಷ್ಟೇ.

ವ್ಯಾಯಾಮದ ಕೋಣೆಯಲ್ಲಿ ಮಗು ಅಳುತ್ತಿತ್ತು. ಬಿಗಿದ ಕಾಲನ್ನು ಎಳೆದು ನೆಟ್ಟಗೆ ಮಾಡುವುದು, ಹಿಮ್ಮಡಿಯನ್ನು ನೆಲಕ್ಕೆ ತಾಗಿಸುವುದು. ಮನೆಯಲ್ಲಿ ದಿನಕ್ಕೆರಡು ಸಲ ಅದನ್ನೇ ಮಾಡಬೇಕು. ಅಂದರೆ ದಿನಕ್ಕೆರಡು ಸಲ ಅತ್ತಿಗೆ ಸ್ವಂತ ಮಗಳನ್ನು ಅಳಿಸಬೇಕು. ಅಮ್ಮ ನೋಡಲಾರದೆ ಹಿತ್ತಲಿಗೆ ಹೋಗುತ್ತಿದ್ದರು. ಅಣ್ಣ ಪ್ರೆಸ್ಸಿಗೆ ಬೇಗ ಹೊರಡುತ್ತಿದ್ದ. ಆಮೇಲೆ ಬಂತು ಕಾಲಿಗೆ ಕಟ್ಟುವ ಕಬ್ಬಿಣದ ಪಟ್ಟಿ ಮತ್ತು ಬೂಟು. ಅದರ ಭಾರಕ್ಕೆ ಮಗುವನ್ನು ಎತ್ತುವುದು ಇನ್ನೂ ಕಷ್ಟವಾಯಿತು.

ಮಾತು ಮಾತ್ರ ಬೇಗ ಬಂತು. ತೊದಲುತ್ತಿದ್ದಳು, ಆದರೆ ನಿಲ್ಲಿಸುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರು “ಪಾಪ, ಎಂತ ಆದದ್ದು?” ಎಂದು ಕೇಳಿದರೆ ಅವಳೇ, “ನನಗೆ ಕಾಲು ಬಿಗಿ ಉಂಟು. ನಿಮಗೆ ಎಂತ ಆದದ್ದು?” ಎಂದು ಕೇಳುತ್ತಿದ್ದಳು.

ಅವಳಿಗೆ ಐದು ತುಂಬಿದ ವರ್ಷ, ಮಳೆ ಹಿಡಿದ ಒಂದು ದಿನ. ಮಣಿಪಾಲದಿಂದ ಬಂದು ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಕಾಪುವಿನ ಬಸ್ಸಿಗೆ ಕಾಯುತ್ತಿದ್ದೆವು. ಆ ದಿನ ಡಾಕ್ಟರು, ಇಷ್ಟು ವರ್ಷದಲ್ಲಿ ಆಗಬೇಕಾದಷ್ಟು ಆಗಿಲ್ಲ, ಪಟ್ಟಿಯನ್ನು ಇನ್ನೂ ಉದ್ದದ್ದು ಮಾಡಿಸಬೇಕು ಎಂದಿದ್ದರು. ಒಂದು ಬಸ್ಸು ಬಂತು. ಅತ್ತಿಗೆ ಮಗುವನ್ನು ಎತ್ತಿಕೊಂಡು ಓಡಿದರು. ಬೂಟು ಬಾಗಿಲಿನ ಸರಳಿಗೆ ಸಿಕ್ಕಿತು, ಕಂಡಕ್ಟರು ವಿಸಿಲ್ ಊದಿದ, ಬಸ್ಸು ಹೊರಟಿತು. ಅತ್ತಿಗೆ ಬೀಳಲಿಲ್ಲ, ಮಗುವೂ ಬೀಳಲಿಲ್ಲ. ವಾಪಸು ಬಂದು ಬೆಂಚಿನ ಮೇಲೆ ಅವಳನ್ನು ಕೂರಿಸಿದರು. ಸೀರೆಯ ಅಂಚು ಕೆಸರಾಗಿತ್ತು. ಅದನ್ನು ಹಿಂಡುತ್ತ, ನನ್ನ ಕಡೆ ನೋಡದೆ, ಮೆಲ್ಲಗೆ ಹೇಳಿದರು.

“ಆ ದಿನ ಕಾರಿನಲ್ಲಿ ನೀನು ಕೈ ತೆಗೆದಿದ್ದರೆ ಆಗ್ತಿತ್ತು ಮಾರಾಯ್ತಿ.”

ನಾನು ಕೇಳಿಸಿಕೊಂಡೆ. ಮಗು ಎದುರಿನ ಅಂಗಡಿಯ ಬಲೂನು ನೋಡುತ್ತಿದ್ದಳು. ಅವಳಿಗೆ ಕೇಳಿಸಲಿಲ್ಲ, ಅಥವಾ ಅರ್ಥವಾಗಲಿಲ್ಲ. ಮುಂದಿನ ಬಸ್ಸು ಬಂದಾಗ ಮಗುವನ್ನು ನಾನೇ ಎತ್ತಿ ಹತ್ತಿಸಿ, ಸೀಟಿನಲ್ಲಿ ಕೂರಿಸಿ ಇಳಿದೆ. ಕಡಿಯಾಳಿಗೆ ನಡೆದುಕೊಂಡೇ ಹೋದೆ. ಕೋಣೆಗೆ ಹೋಗಿ ಒದ್ದೆ ಸೀರೆಯಲ್ಲೇ ನೆಲದ ಮೇಲೆ ಕೂತೆ. ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಮೈಯಲ್ಲಿ ಯಾವುದಕ್ಕೂ ಶಕ್ತಿ ಇರಲಿಲ್ಲ.

ಮುಂದಿನ ವಾರ ನಾನು ಬಸ್‌ಸ್ಟ್ಯಾಂಡಿಗೆ ಹೋಗಲಿಲ್ಲ. ಅದರ ಮುಂದಿನ ವಾರವೂ. ಡ್ಯೂಟಿ ಉಂಟು ಎಂದು ಅಣ್ಣನ ಪ್ರೆಸ್ಸಿಗೆ ಹೇಳಿಕಳಿಸಿದೆ. ಡ್ಯೂಟಿ ಇದ್ದದ್ದು ಸುಳ್ಳಲ್ಲ, ಕೇಳಿ ಹಾಕಿಸಿಕೊಂಡದ್ದು. ಅತ್ತಿಗೆಯ ಮಾತು ತಪ್ಪು ಎಂದು ನನಗೆ ಅನಿಸಿರಲಿಲ್ಲ, ಅದೇ ಕಷ್ಟವಾದದ್ದು. ಆ ಕಾರಿನಲ್ಲಿ ನಾನು ಯೋಚಿಸಿರಲಿಲ್ಲ. ಮಿಡಿಯುತ್ತಿದ್ದದ್ದನ್ನು ಮಿಡಿಯುವ ಹಾಗೆ ಇಡಬೇಕು ಎಂಬುದಷ್ಟೇ ಗೊತ್ತಿತ್ತು. ಮಿಡಿಯುವುದರ ಮುಂದಿನ ವರ್ಷಗಳನ್ನು ಹೊರುವವರು ಬೇರೆಯವರು ಎಂದು ಯಾವ ಪಾಠದಲ್ಲೂ ಇರಲಿಲ್ಲ.

ತಿಂಗಳು ಕಳೆದಿತ್ತೋ ಏನೋ. ಭಾನುವಾರ ಬೆಳಿಗ್ಗೆ ಕೋಣೆಯ ಬಾಗಿಲು ತಟ್ಟಿದ ಸದ್ದಾಯಿತು. ಅತ್ತಿಗೆ, ಒಬ್ಬರೇ. ಮಗುವನ್ನು ಅಣ್ಣನ ಹತ್ತಿರ ಬಿಟ್ಟು ಬಂದಿದ್ದರು. ಮಹಿಷಮರ್ದಿನಿಯ ಗುಡಿಗೆ ಹೋಗಿ ಬಂದ ಪ್ರಸಾದ ಸೆರಗಿನಲ್ಲಿತ್ತು. ನಾನು ಚಾಪೆ ಹಾಸಿದೆ, ಸ್ಟವ್ ಹಚ್ಚಿ ಚಾ ಮಾಡಿದೆ. ಅವರು ಲೋಟ ಕೈಗೆ ತೆಗೆದುಕೊಂಡರು.

“ನಾನು ಅವತ್ತು ಹೇಳಿದ್ದಕ್ಕೆ ನಿನಗೆ ಬೇಜಾರಾಗಿದೆ.”

“ಇಲ್ಲ ಅತ್ತಿಗೆ.”

“ಸುಳ್ಳು ಹೇಳಬೇಡ. ನಾನು ಹೇಳಿದ್ದು ಬಾಯಿ ತಪ್ಪಿ ಅಲ್ಲ. ಅದಕ್ಕಿಂತ ಮೊದಲೂ ಎಷ್ಟೋ ಸಲ ಮನಸ್ಸಿಗೆ ಬಂದದ್ದುಂಟು. ಅವಳ ಕಾಲು ಎಳೆಯುವಾಗ ಬರ್ತದೆ. ರಾತ್ರಿ ಸೊಂಟ ನೋಯುವಾಗ ಬರ್ತದೆ.” ಒಂದು ಗುಟುಕು ಕುಡಿದರು. “ಆದರೆ ದಿನಾ ಬರುವುದಿಲ್ಲ. ಮೊನ್ನೆ ಪ್ರೆಸ್ಸಿಗೆ ಕರಕೊಂಡು ಹೋಗಿದ್ದರು ನಿನ್ನ ಅಣ್ಣ. ಸೀಸದ ಅಕ್ಷರ ತಲೆಕೆಳಗಾಗಿ ಇರ್ತದಲ್ಲ, ಇವಳು ಅದನ್ನು ಹಾಗೇ ಓದಿದಳಂತೆ. ಶಾಲೆಗೇ ಹೋಗಿಲ್ಲ ಇವಳು. ಮನೆಗೆ ಬಂದು ನನಗೆ ‘ಅಮ್ಮ, ನಿನಗೆ ಓದ್ಲಿಕ್ಕೆ ಬರೂದು ಒಂದೇ ಬದಿಯಿಂದ’ ಅಂತ ಹೇಳ್ತಾಳೆ. ಆವತ್ತು ಹಾಗೆ ಅನಿಸಲಿಲ್ಲ.”

ಪಾತ್ರೆಯಲ್ಲಿ ಉಳಿದಿದ್ದ ಚಾವನ್ನು ನಾನು ಅವರ ಲೋಟಕ್ಕೆ ಸುರಿದೆ.

“ಎರಡೂ ನಿಜ,” ಎಂದರು ಅತ್ತಿಗೆ. “ಯಾರ ಹತ್ರ ಹೇಳುವುದು ಇದನ್ನು? ನಿನ್ನ ಅಣ್ಣನಿಗೆ ಹೇಳಿದರೆ ಅವರು ಊಟ ಬಿಡ್ತಾರೆ. ಅತ್ತೆಗೆ ಹೇಳಿದರೆ ದೇವರಿಗೆ ಹರಕೆ ಹೇಳ್ತಾರೆ. ನೀನಾದರೆ ಅಲ್ಲಿ ಇದ್ದವಳು.”

“ನನಗೂ ಸಾಕಾಗಿದೆ ಅತ್ತಿಗೆ,” ಎಂದೆ. ಅದನ್ನು ಹೇಳುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

“ಸಾಕಾಗದೆ ಇರ್ತದಾ,” ಎಂದರು ಅವರು. ಆಮೇಲೆ ಚಾಪೆಯ ಮೇಲೆ ಹಾಗೇ ಒರಗಿ, ಕಣ್ಣು ಮುಚ್ಚಿ, ಮಧ್ಯಾಹ್ನದವರೆಗೆ ನಿದ್ದೆ ಮಾಡಿದರು. ಮಗು ಹುಟ್ಟಿದ ಮೇಲೆ ಅವರು ಹಗಲಲ್ಲಿ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅನ್ನ, ತಿಳಿಸಾರು ಮಾಡಿ ಎಬ್ಬಿಸಿದೆ. ಮುಂದಿನ ವಾರ ಬಸ್‌ಸ್ಟ್ಯಾಂಡಿಗೆ ಹೋದೆ.

ಆ ಮಾತು ಆಮೇಲೆ ನಮ್ಮ ನಡುವೆ ಬರಲೇ ಇಲ್ಲ. ಹೋಗಿಬಿಟ್ಟಿತು ಎಂದಲ್ಲ. ಇದೆ ಎಂದು ಇಬ್ಬರಿಗೂ ಗೊತ್ತಿತ್ತು, ಅಷ್ಟೆ.

ಅವಳನ್ನು ಶಾಲೆಗೆ ಸೇರಿಸುವಾಗ ವಯಸ್ಸು ಮೀರಿತ್ತು. ಅಣ್ಣ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ ಬಿಟ್ಟು ಆಮೇಲೆ ಪ್ರೆಸ್ಸಿಗೆ ಹೋಗುತ್ತಿದ್ದ. ಮಧ್ಯಾಹ್ನ ಅತ್ತಿಗೆ ಹೋಗಿ ಕರೆತರುತ್ತಿದ್ದರು. ನಡುವೆ ಅತ್ತಿಗೆ ಮತ್ತೆ ಬಸುರಿಯಾದರು. ಆ ಸಲ ಹಟ ಮಾಡುವವರು ಯಾರೂ ಇರಲಿಲ್ಲ. ಮೊದಲೇ ದಿನ ಗೊತ್ತುಮಾಡಿ ಮಣಿಪಾಲದಲ್ಲಿ ಆಪರೇಷನ್ ಮಾಡಿ ಗಂಡು ಮಗುವನ್ನು ತೆಗೆದರು. ಬಳ್ಳಿ ಹೇಗಿತ್ತು ಎಂದು ನಾನು ಕೇಳಿದೆ. ನರ್ಸು ವಿಚಿತ್ರವಾಗಿ ನೋಡಿ, “ಎಲ್ಲ ಬಳ್ಳಿ ಇದ್ದ ಹಾಗೇ ಇತ್ತು,” ಎಂದಳು. ಆ ಹುಡುಗ ಒಂಬತ್ತನೇ ತಿಂಗಳಿಗೇ ಗೋಡೆ ಹಿಡಿದು ನಿಂತುಬಿಟ್ಟ. ಅಕ್ಕ ಅವನನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದಳು. ಅತ್ತಿಗೆ ಒಳಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವಳ ಹಿಮ್ಮಡಿಯ ಬಿಗಿಯನ್ನು ಸಡಿಲಿಸಲು ಒಂದು ಆಪರೇಷನ್ ಆಯಿತು. ಪ್ಲಾಸ್ಟರ್, ಮತ್ತೆ ವ್ಯಾಯಾಮ, ಮತ್ತೆ ಬಸ್ಸು. ಕಬ್ಬಿಣದ ಪಟ್ಟಿ ಹೋಯಿತು. ಒಂದು ಊರುಗೋಲು ಸಾಕು ಎಂದರು. ನಡಿಗೆ ಚಂದವಿರಲಿಲ್ಲ. ಒಂದು ಕಾಲು ಎಳೆಯುತ್ತಿತ್ತು, ಮೈ ಒಂದು ಕಡೆ ವಾಲುತ್ತಿತ್ತು. ಆದರೆ ಅವಳು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತಿದ್ದಳು.

ಇನ್ನು ತಿಂಗಳಿಗೊಮ್ಮೆ ಬಂದರೆ ಸಾಕು ಎಂದು ಡಾಕ್ಟರು ಹೇಳಿದ ದಿನ ನಾನೂ ಅವರ ಜತೆ ಕಾಪುವಿಗೆ ಹೊರಟೆ. ಉಡುಪಿಯಲ್ಲಿ ಸೀಟು ಸಿಕ್ಕಿತು, ಅದೇ ದೊಡ್ಡ ವಿಷಯ. ಅತ್ತಿಗೆ ಕಿಟಕಿಯ ಹತ್ತಿರ, ಮಗಳು ನಡುವೆ, ನಾನು ಈಚೆ. ಕಟಪಾಡಿ ದಾಟುವ ಮೊದಲೇ ಅತ್ತಿಗೆಗೆ ನಿದ್ದೆ ಹತ್ತಿತು. ನನಗೂ. ಎಚ್ಚರವಾದಾಗ ಬಸ್ಸು ಉಚ್ಚಿಲದಲ್ಲಿ ನಿಂತಿತ್ತು. ಕಾಪು ಯಾವಾಗಲೋ ಹಿಂದೆ ಹೋಗಿತ್ತು.

“ನೀನಾದರೂ ಎಬ್ಬಿಸಬಾರದಿತ್ತಾ?” ಎಂದು ಅತ್ತಿಗೆ ಮಗಳನ್ನು ಗದರಿದರು.

“ಇಬ್ಬರೂ ಬಾಯಿ ತೆರೆದು ಮಲಗಿದ್ದಿರಿ. ಎಬ್ಬಿಸಲಿಕ್ಕೆ ಮನಸ್ಸು ಬರಲಿಲ್ಲ,” ಎಂದಳು ಅವಳು.

ಗಡಿಬಿಡಿಯಲ್ಲಿ ಇಳಿದೆವು. ರಸ್ತೆ ಬದಿಯಲ್ಲಿ ಒಂದು ಬೆಂಚು ಇತ್ತು. ಅತ್ತಿಗೆಯೂ ನಾನೂ ಅದರ ಮೇಲೆ ಕುಸಿದು ಕೂತೆವು. ಏಳುವ ಮನಸ್ಸು ಇಬ್ಬರಿಗೂ ಇರಲಿಲ್ಲ.

“ವಾಪಸು ಹೋಗುವ ಬಸ್ಸು ಯಾವಾಗ ಅಂತ ಕೇಳಿಕೊಂಡು ಬರ್ತೇನೆ ಅತ್ತೆ,” ಎಂದು ಅವಳು ನನ್ನ ಕೈಗೆ ಚೀಲ ಕೊಟ್ಟು ಹೊರಟಳು. ಅಂಗಡಿ ಸ್ವಲ್ಪ ಆಚೆ ಇತ್ತು. ಅತ್ತಿಗೆ ಏಳಲು ನೋಡಿದರು, ಮತ್ತೆ ಕೂತರು. ಅವಳು ಊರುಗೋಲು ಊರುತ್ತ, ಜಲ್ಲಿಯ ಮೇಲೆ ಜಾಗ ನೋಡಿ ಕಾಲಿಡುತ್ತ ಹೋದಳು. ಅಂಗಡಿಯವನ ಹತ್ತಿರ ಬಸ್ಸಿನ ವಿಷಯ ಕೇಳುವುದು ಬಿಟ್ಟು ಬೇರೇನೋ ಮಾತು ಶುರುಮಾಡಿದಳು ಅಂತ ಕಾಣುತ್ತದೆ, ಅವನು ನಗುತ್ತಿದ್ದ. ಅಷ್ಟರಲ್ಲಿ ಉಡುಪಿ ಕಡೆಯ ಬಸ್ಸೊಂದು ಬಂದು, ನಿಂತು, ಹೊರಟೂ ಹೋಯಿತು.

“ಹೋಗಲಿ,” ಎಂದರು ಅತ್ತಿಗೆ, “ಇನ್ನೊಂದು ಬರ್ತದೆ.” ಚಪ್ಪಲಿ ಬಿಚ್ಚಿ ಕಾಲು ನೀಡಿಕೊಂಡರು. ನಾನೂ ನೀಡಿಕೊಂಡೆ.